ಉಪವಾಸ ತೀರಿಸದ ಸಾಲ

ಯಹೂದಿಗಳ ವರ್ಷದಲ್ಲಿ ಎಲ್ಲಕ್ಕಿಂತ ಪವಿತ್ರವಾದ ದಿನ ಯೋಮ್ ಕಿಪ್ಪುರ್. ಅದು ಪ್ರಾಯಶ್ಚಿತ್ತದ ದಿನ. ಸುಮಾರು 25 ಗಂಟೆ ಅನ್ನವಿಲ್ಲ, ನೀರಿಲ್ಲ, ದಿನವಿಡೀ ಪ್ರಾರ್ಥನೆ. ಹೊರಗಿನವರಿಗೆ ಗೊತ್ತಿರುವುದು ಸಾಮಾನ್ಯವಾಗಿ ಇಷ್ಟೇ. ಆದರೆ ಸುಮಾರು 1,800 ವರ್ಷಗಳ ಹಿಂದೆ ಸಂಕಲನಗೊಂಡ ‘ಮಿಶ್ನಾ’ ಎಂಬ ಅವರ ಧರ್ಮಶಾಸ್ತ್ರ ಈ ಉಪವಾಸದ ಶಕ್ತಿಗೆ ಒಂದು ಗಡಿ ಹಾಕಿದೆ. ದೇವರ ವಿಷಯದಲ್ಲಿ ಮಾಡಿದ ತಪ್ಪಿಗೆ ಈ ದಿನ ಪರಿಹಾರ ಕೊಡುತ್ತದೆ. ಇನ್ನೊಬ್ಬ ಮನುಷ್ಯನಿಗೆ ಮಾಡಿದ ತಪ್ಪಿಗೆ, ಅವನ ಬಳಿಗೇ ಹೋಗಿ ಅವನ ಮನಸ್ಸನ್ನು ಸಮಾಧಾನಪಡಿಸುವ ತನಕ, ಈ ದಿನದಿಂದಲೂ ಪರಿಹಾರವಿಲ್ಲ. ಆಮೇಲೆ ಪಶ್ಚಾತ್ತಾಪ ಪಟ್ಟರಾಯಿತು ಎಂದುಕೊಂಡು ಈಗ ಪಾಪ ಮಾಡುವವನಿಗೆ ಪಶ್ಚಾತ್ತಾಪದ ಅವಕಾಶವೇ ಸಿಗುವುದಿಲ್ಲ ಎಂದೂ ಅದೇ ಅಧ್ಯಾಯ ಎಚ್ಚರಿಸುತ್ತದೆ.

ಇಡೀ ಆಚರಣೆಯನ್ನು ನಾನು ಓದಿಕೊಳ್ಳುವುದು ಈ ಒಂದು ನಿಯಮದ ಮೂಲಕ. ಹಸಿದಿರುವುದು ಕಷ್ಟವೇ, ಅನುಮಾನವಿಲ್ಲ. ಆದರೆ ಎರಡು ವರ್ಷದಿಂದ ಮಾತುಬಿಟ್ಟಿರುವ ತಮ್ಮನ ಮನೆ ಬಾಗಿಲು ತಟ್ಟುವುದು ಅದಕ್ಕಿಂತ ಕಷ್ಟ. ಆ ಕಷ್ಟದ ಕೆಲಸವನ್ನು ಮೊದಲು ಮುಗಿಸಿ ಬಾ ಎಂದು ಒಂದು ಧರ್ಮ ತನ್ನ ಅತಿ ಪವಿತ್ರ ದಿನದ ಮುಂದೆ ಷರತ್ತು ಇಟ್ಟಿದೆ.

ಯಹೂದಿ ಪಂಚಾಂಗದ ತಿಶ್ರೇ ಮಾಸ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಬರುತ್ತದೆ. ಅದರ ಮೊದಲ ದಿನ ಹೊಸ ವರ್ಷ, ರೋಶ್ ಹಶಾನಾ. ಹತ್ತನೆಯ ದಿನ ಯೋಮ್ ಕಿಪ್ಪುರ್. ಈ ಹತ್ತು ದಿನಗಳಲ್ಲಿ ಜನ ತಮ್ಮ ವರ್ಷವನ್ನು ಹಿಂತಿರುಗಿ ನೋಡುತ್ತಾರೆ, ನೋಯಿಸಿದವರನ್ನು ಹುಡುಕಿಕೊಂಡು ಹೋಗುತ್ತಾರೆ. ಇದು ಮನಸ್ಸು ಬಂದಂತೆ ಮಾಡುವ ಕೆಲಸವಲ್ಲ, ಇದಕ್ಕೊಂದು ಕ್ರಮವಿದೆ. 12ನೇ ಶತಮಾನದಲ್ಲಿ ಈಜಿಪ್ಟಿನಲ್ಲಿ ನೆಲೆಸಿದ್ದ ಮೈಮೊನಿಡಿಸ್ ಎಂಬ ಪಂಡಿತ, ವೃತ್ತಿಯಿಂದ ವೈದ್ಯ, ತನ್ನ ‘ಮಿಶ್ನೆ ತೋರಾ’ ಎಂಬ ಬೃಹತ್ ಸಂಹಿತೆಯಲ್ಲಿ ಅದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಕದ್ದಿದ್ದರೆ ಮೊದಲು ಹಣ ಹಿಂತಿರುಗಿಸಬೇಕು. ಹಿಂತಿರುಗಿಸಿದ ಮಾತ್ರಕ್ಕೆ ಮುಗಿಯಿತು ಎಂದಲ್ಲ, ಬಾಯಿಬಿಟ್ಟು ಕ್ಷಮೆಯನ್ನೂ ಕೇಳಬೇಕು. ಎದುರಿನವನು ಒಪ್ಪದಿದ್ದರೆ ಮೂವರು ಸ್ನೇಹಿತರನ್ನು ಕರೆದುಕೊಂಡು ಹೋಗಿ ಕೇಳಬೇಕು. ಆಗಲೂ ಒಪ್ಪದಿದ್ದರೆ ಎರಡನೆಯ ಸಲ, ಮೂರನೆಯ ಸಲ. ಅಷ್ಟಾದ ಮೇಲೂ ಮನಸ್ಸು ಕರಗದಿದ್ದರೆ ಕೇಳಿದವನು ತನ್ನ ದಾರಿ ಹಿಡಿಯಬಹುದು. ಈಗ ತಪ್ಪು ಕ್ಷಮಿಸದವನದು. ಗುರುವಿಗೆ ತಪ್ಪು ಮಾಡಿದ್ದರೆ ಮಾತ್ರ ಈ ಮೂರು ಸಲದ ರಿಯಾಯಿತಿ ಇಲ್ಲ, ಸಾವಿರ ಸಲವಾದರೂ ಹೋಗಬೇಕು.

ನೋಯಿಸಿದವರು ತೀರಿಕೊಂಡಿದ್ದರೆ? ಅದಕ್ಕೂ ಮೈಮೊನಿಡಿಸ್ ದಾರಿ ಹೇಳುತ್ತಾನೆ. ಹತ್ತು ಜನರನ್ನು ಕರೆದುಕೊಂಡು ಸಮಾಧಿಯ ಬಳಿ ಹೋಗಬೇಕು. ದೇವರಿಗೂ ಇಂಥ ಮನುಷ್ಯನಿಗೂ ನಾನು ಇಂಥ ತಪ್ಪು ಮಾಡಿದೆ ಎಂದು ಅವರೆಲ್ಲರ ಮುಂದೆ ಹೇಳಬೇಕು. ಹಣದ ಬಾಕಿಯಿದ್ದರೆ ವಾರಸುದಾರರಿಗೆ ಕೊಡಬೇಕು. ವಾರಸುದಾರರು ಯಾರೆಂದು ಗೊತ್ತಿಲ್ಲದಿದ್ದರೆ ನ್ಯಾಯಾಲಯದಲ್ಲಿ ಇಡಬೇಕು. ಅಪ್ಪ-ಅಮ್ಮ ಹೋದ ಮೇಲೆ ಒಂದು ಮಾತು ಆಡಬೇಕಿತ್ತು ಎಂದು ಒಳಗೇ ಬೇಯುವ ಎಷ್ಟು ಜನರನ್ನು ನಾವು ಕಂಡಿಲ್ಲ! ಆ ಬೇಗುದಿಗೆ ಒಂದು ಜಾಗ, ಒಂದು ಸಾಕ್ಷಿಮಂಡಳಿ, ಒಂದು ವಿಧಿಯನ್ನು ಒದಗಿಸಿಕೊಟ್ಟ ಈ ವೈದ್ಯ ಮನುಷ್ಯನ ಮನಸ್ಸನ್ನು ಚೆನ್ನಾಗಿ ಬಲ್ಲವನು.

ಈಗ ಈ ಕ್ಷಮೆಯಾಚನೆ ವಾಟ್ಸ್‌ಆ್ಯಪ್‌ಗೂ ಬಂದಿದೆ. ಗೊತ್ತಿದ್ದೋ ಗೊತ್ತಿಲ್ಲದೆಯೋ ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿ ಎಂಬ ಒಂದು ಸಂದೇಶವನ್ನು ನೂರು ಜನರಿಗೆ ಒಟ್ಟಿಗೆ ಕಳಿಸುವುದು. ಇದರಿಂದ ಕರ್ತವ್ಯ ಮುಗಿಯದು ಎಂದು ಹಲವು ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಹೇಳುತ್ತಾರೆ, ನನಗೂ ಅದು ಸರಿ ಎನಿಸುತ್ತದೆ. ಇನ್ನು ಬೆನ್ನ ಹಿಂದೆ ಆಡಿಕೊಂಡ ಮಾತಿನದು ಬೇರೆಯೇ ಕಷ್ಟ. ನೀವು ಒಬ್ಬರ ಬಗ್ಗೆ ಹಗುರವಾಗಿ ಮಾತಾಡಿದ್ದೀರಿ, ಅವರಿಗೆ ಅದು ಗೊತ್ತಿಲ್ಲ. ಈಗ ಹೋಗಿ ಹೇಳಿ ಕ್ಷಮೆ ಕೇಳಬೇಕೆ? 19ನೇ ಶತಮಾನದ ಪೂರ್ವ ಯುರೋಪಿನ ರಬ್ಬಿಗಳಲ್ಲಿ ಈ ಬಗ್ಗೆ ಎರಡು ಪಕ್ಷಗಳಿದ್ದವು. ಹೇಳಲೇಬೇಕು ಎಂದು ಒಂದು ಪಕ್ಷ. ನಿನ್ನ ಮನಸ್ಸು ಹಗುರಾಗಲಿ ಎಂದು ಇನ್ನೊಬ್ಬರಿಗೆ ಹೊಸ ನೋವು ಕೊಡುವ ಹಕ್ಕು ನಿನಗಿಲ್ಲ ಎಂದು ಇನ್ನೊಂದು. ಎರಡನೆಯ ಪಕ್ಷದಲ್ಲಿದ್ದವರು ಲಿಥುವೇನಿಯಾದ ರಬ್ಬಿ ಇಸ್ರೇಲ್ ಸಲಾಂತರ್ ಎಂದು ಪ್ರತೀತಿ. ಅವರ ಹೆಸರು ಮುಂದೆ ಮತ್ತೆ ಬರಲಿದೆ.

ಯೋಮ್ ಕಿಪ್ಪುರ್ ಹಿಂದಿನ ದಿನ, ಅಂದರೆ ತಿಶ್ರೇಯ ಒಂಬತ್ತನೆಯ ದಿನ, ಚೆನ್ನಾಗಿ ಉಣ್ಣುವುದು ಕೂಡ ಧರ್ಮವೇ. ಒಂಬತ್ತರಂದು ಉಂಡು ಹತ್ತರಂದು ಉಪವಾಸ ಮಾಡಿದವರಿಗೆ ಎರಡೂ ದಿನ ಉಪವಾಸ ಮಾಡಿದ ಪುಣ್ಯ ಎನ್ನುತ್ತದೆ ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥ ತಲ್ಮೂದ್. ಕೆಲವರು ಕೋಳಿಯನ್ನು ತಲೆಯ ಸುತ್ತ ಮೂರು ಸಲ ನಿವಾಳಿಸಿ, ಕೊಯ್ದು, ಬಡವರಿಗೆ ಕೊಡುತ್ತಾರೆ. ಹಳೆಯ ಶಾಸ್ತ್ರಕಾರರಲ್ಲೇ ಕೆಲವರು ಇದನ್ನು ಒಪ್ಪಿರಲಿಲ್ಲ. ಇಂದು ಬಹಳಷ್ಟು ಮಂದಿ ಕೋಳಿಯ ಬದಲು ಹಣ ನಿವಾಳಿಸಿ ದಾನ ಮಾಡುತ್ತಾರೆ. ಸೂರ್ಯ ಮುಳುಗುವ ಮುನ್ನ ಕಡೆಯ ಊಟ. ಬಾಯಾರಿಕೆ ಆಗಬಾರದೆಂದು ಉಪ್ಪು-ಖಾರ ಕಡಿಮೆ. ಆಮೇಲೆ ಮರುದಿನ ಕತ್ತಲಾಗಿ ನಕ್ಷತ್ರಗಳು ಕಾಣಿಸುವವರೆಗೆ ಒಂದು ಹನಿ ನೀರೂ ಇಲ್ಲ. ನಮ್ಮ ಏಕಾದಶಿಯ ಹಣ್ಣು-ಹಾಲಿಗೆ, ಅವಲಕ್ಕಿಯ ಫಲಾಹಾರಕ್ಕೆ ಇಲ್ಲಿ ಎಡೆಯಿಲ್ಲ.

ತಿನ್ನುವುದು-ಕುಡಿಯುವುದು ಸೇರಿ ಐದು ನಿಷೇಧಗಳಿವೆ: ಸ್ನಾನವಿಲ್ಲ, ಮೈಗೆ ಎಣ್ಣೆ-ಲೇಪನಗಳಿಲ್ಲ, ದಾಂಪತ್ಯ ಸುಖವಿಲ್ಲ, ಚರ್ಮದ ಚಪ್ಪಲಿಯಿಲ್ಲ. ಕಡೆಯದು ಕಣ್ಣಿಗೆ ಬೀಳುವಂಥದು. ಬಿಳಿಯ ನಿಲುವಂಗಿ, ಮೇಲೆ ಪ್ರಾರ್ಥನೆಯ ಶಾಲು ಹೊದ್ದ ಹಿರಿಯರ ಕಾಲಲ್ಲಿ ಬಟ್ಟೆಯ ಶೂ ಅಥವಾ ರಬ್ಬರ್ ಚಪ್ಪಲಿ ಇರುತ್ತದೆ. ಆ ಬಿಳಿಯ ಅಂಗಿಯ ಹೆಸರು ‘ಕಿಟ್ಟೆಲ್’. ಯುರೋಪ್ ಮೂಲದ ಯಹೂದಿಗಳಲ್ಲಿ ಸತ್ತವರಿಗೂ ಇದನ್ನೇ ತೊಡಿಸುವ ರೂಢಿಯಿದೆ. ಊಟ, ಸ್ನಾನ, ಸುಖ ಎಲ್ಲವನ್ನೂ ಬಿಟ್ಟು, ಅಂತ್ಯದ ಬಟ್ಟೆಯನ್ನೇ ಉಟ್ಟು, ಮನುಷ್ಯ ಒಂದು ದಿನ ತನ್ನ ಸಾವಿನ ಪಕ್ಕದಲ್ಲಿ ನಿಂತು ತನ್ನ ಬದುಕನ್ನು ನೋಡಿಕೊಳ್ಳುತ್ತಾನೆ.

ಇಷ್ಟು ಬಿಗಿಯಾದ ನಿಯಮ ಜೀವದ ಮುಂದೆ ಮಾತ್ರ ಸಂಪೂರ್ಣವಾಗಿ ಬಾಗುತ್ತದೆ. ಪ್ರಾಣಕ್ಕೆ ಅಪಾಯವಿದ್ದರೆ ಉಣ್ಣಬಹುದು ಎಂದಲ್ಲ, ಉಣ್ಣಲೇಬೇಕು. ರೋಗಿ ತನಗೆ ಆಹಾರ ಬೇಕೇ ಬೇಕು ಎಂದರೆ, ನೂರು ವೈದ್ಯರು ಬೇಡ ಎಂದರೂ ರೋಗಿಯ ಮಾತೇ ನಡೆಯಬೇಕು. ತನ್ನ ಒಡಲ ಸಂಕಟ ಅವನಿಗೇ ಗೊತ್ತು ಎಂಬುದು ಇದರ ಹಿಂದಿನ ವಿಚಾರ. ರೋಗಿ ನನಗೇನೂ ಬೇಡ ಎಂದು ಹಟ ಹಿಡಿದು ವೈದ್ಯರು ಬೇಕು ಎಂದರೆ, ಆಗ ವೈದ್ಯರ ಮಾತು. ಎರಡೂ ಕಡೆ ತಕ್ಕಡಿ ವಾಲುವುದು ಊಟದತ್ತಲೇ. ಉಪವಾಸದಿಂದ ಪ್ರಾಣಕ್ಕೆ ಅಪಾಯವಿದ್ದರೂ ಸ್ವಲ್ಪಸ್ವಲ್ಪವೇ ತಿಂದರೆ ಸಾಕಾಗುವ ರೋಗಿಗಳಿಗೆ ಇನ್ನೊಂದು ಸೂಕ್ಷ್ಮ ದಾರಿಯನ್ನು ಶಾಸ್ತ್ರಜ್ಞರು ಹುಡುಕಿಕೊಟ್ಟಿದ್ದಾರೆ. ಒಂದು ದೊಡ್ಡ ಖರ್ಜೂರದ ಗಾತ್ರಕ್ಕಿಂತ ಕಡಿಮೆ ಆಹಾರ, ಒಂದು ಕೆನ್ನೆ ತುಂಬುವುದಕ್ಕಿಂತ ಕಡಿಮೆ ನೀರು, ನಡುವೆ ಸುಮಾರು ಒಂಬತ್ತು ನಿಮಿಷದ ಬಿಡುವು. ಹೀಗೆ ತಿಂದರೆ ಉಪವಾಸ ಮುರಿದ ಪೂರ್ಣ ದೋಷ ತಟ್ಟುವುದಿಲ್ಲ. ಮನೆಯ ಅಜ್ಜಿಗೆ ಮೊಮ್ಮಗಳು ಗಡಿಯಾರ ನೋಡುತ್ತಾ ಅಳತೆಯ ಪುಟ್ಟ ಲೋಟದಲ್ಲಿ ನೀರು ಕೊಡುವುದು ಅಂಥ ಮನೆಗಳಲ್ಲಿ ಆ ದಿನದ ಪೂಜೆಯೇ. ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ಉಪವಾಸ ಮಾಡಿಸುವಂತಿಲ್ಲ. ಕಡ್ಡಾಯವಾಗುವುದು ಹುಡುಗಿಯರಿಗೆ ಹನ್ನೆರಡಕ್ಕೆ, ಹುಡುಗರಿಗೆ ಹದಿಮೂರಕ್ಕೆ.

1848ರಲ್ಲಿ ವಿಲ್ನಾ ನಗರದಲ್ಲಿ ಕಾಲರಾ ಹಬ್ಬಿತ್ತು. ಹಸಿದ ದೇಹವನ್ನು ರೋಗ ಬೇಗ ಹಿಡಿಯುತ್ತದೆ ಎಂಬ ವೈದ್ಯರ ಮಾತಿಗೆ ಬೆಲೆಕೊಟ್ಟು ಸಲಾಂತರ್, ಈ ಸಲ ಉಪವಾಸ ಬೇಡ ಎಂದು ಊರಿಗೆ ಸಾರಿದರು. ಜನ ಹಿಂಜರಿದಾಗ ಯೋಮ್ ಕಿಪ್ಪುರ್ ದಿನವೇ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನ ವೇದಿಕೆ ಹತ್ತಿ, ಎಲ್ಲರ ಕಣ್ಣೆದುರಿಗೆ ತಾವೇ ತಿಂದು ತೋರಿಸಿದರು ಎಂದು ಪರಂಪರೆ ಹೇಳುತ್ತದೆ. ಆ ಗಳಿಗೆಯ ವಿವರ ಕಥೆಯಿಂದ ಕಥೆಗೆ ಬದಲಾಗುತ್ತದೆ. ಆದರೆ ಜೀವನವಿಡೀ ಕಟ್ಟುನಿಟ್ಟಾಗಿ ಬದುಕಿದ ರಬ್ಬಿಯೊಬ್ಬರನ್ನು ಜನ ಇಂದಿಗೂ ನೆನೆಯುವುದು ಅವರು ಮುರಿದ ಉಪವಾಸಕ್ಕಾಗಿ.

ಉಪವಾಸ ಶುರುವಾಗುವ ಸಂಜೆಯ ಮೊದಲ ಪ್ರಾರ್ಥನೆ ‘ಕೋಲ್ ನಿದ್ರೆ’. ಕೇಳಲು ಎದೆ ಕಲಕುವಂತಿದ್ದರೂ ಅದು ಸ್ತೋತ್ರವಲ್ಲ, ಅರಾಮಿಕ್ ಭಾಷೆಯ ಕಾನೂನು ಪತ್ರ. ದೇವರ ಮುಂದೆ ಆತುರದಲ್ಲಿ ಮಾಡಿ ನಡೆಸಲಾಗದೆ ಹೋಗುವ ಹರಕೆ-ಪ್ರತಿಜ್ಞೆಗಳನ್ನು ರದ್ದುಮಾಡುವ ಘೋಷಣೆ. ಹಾಡುವವರ ಎಡಬಲಕ್ಕೆ ಇಬ್ಬರು ಪವಿತ್ರ ಗ್ರಂಥ ತೋರಾದ ಸುರುಳಿಗಳನ್ನು ಎದೆಗೊತ್ತಿಕೊಂಡು ನಿಲ್ಲುತ್ತಾರೆ. ಮೂವರು ಸೇರಿದರೆ ಒಂದು ನ್ಯಾಯಾಲಯವಾಯಿತು. ನ್ಯಾಯಾಲಯ ರಾತ್ರಿ ನಡೆಯಬಾರದು, ಆದ್ದರಿಂದ ಹೊತ್ತು ಮುಳುಗುವ ಮುನ್ನವೇ ಶುರು. ಮೂರು ಸಲ ಹಾಡುತ್ತಾರೆ, ಪ್ರತಿ ಸಲ ದನಿ ಏರುತ್ತದೆ. ಯಹೂದಿಗಳ ಮಾತನ್ನು ನಂಬುವಂತಿಲ್ಲ ಎಂದು ದೂಷಿಸಲು ದ್ವೇಷಿಗಳು ಶತಮಾನಗಳ ಕಾಲ ಇದನ್ನೇ ನೆಪ ಮಾಡಿಕೊಂಡರು. ಆದರೆ ಇದು ದೇವರಿಗೆ ಕೊಟ್ಟ ಮಾತಿಗಷ್ಟೇ ಸಂಬಂಧಿಸಿದ್ದು. ನೆರೆಯವನಿಗೆ ಕೊಟ್ಟ ಮಾತು, ಬರೆದುಕೊಟ್ಟ ಕರಾರು ಒಂದಿಷ್ಟೂ ಸಡಿಲವಾಗುವುದಿಲ್ಲ. 19ನೇ ಶತಮಾನದ ಜರ್ಮನಿಯ ಸುಧಾರಕರು ಮುಜುಗರಪಟ್ಟು ಇದನ್ನು ಕೈಬಿಡಲು ನೋಡಿದರು. ಜನ ಆ ರಾಗವನ್ನು ಬಿಡಲಿಲ್ಲ. 1880ರಲ್ಲಿ ಮ್ಯಾಕ್ಸ್ ಬ್ರೂಖ್ ಎಂಬ ಪ್ರೊಟೆಸ್ಟೆಂಟ್ ಕ್ರೈಸ್ತ ಸಂಗೀತಗಾರ ಅದನ್ನೇ ಆಧರಿಸಿ ಚೆಲ್ಲೋ ವಾದ್ಯಕ್ಕೆ ಬರೆದ ಕೃತಿ ಇಂದು ಜಗತ್ತಿನ ಸಭಾಂಗಣಗಳಲ್ಲಿ ಕೇಳುತ್ತದೆ.

ಈ ಹಾಡಿಗೂ ಮೊದಲು ಒಂದು ಚಿಕ್ಕ ಅನುಮತಿಯನ್ನು ಗಟ್ಟಿಯಾಗಿ ಹೇಳುತ್ತಾರೆ. ತಪ್ಪಿತಸ್ಥರ ಜೊತೆ ಸೇರಿ ಪ್ರಾರ್ಥಿಸಲು ಒಪ್ಪಿಗೆಯಿದೆ ಎಂಬುದು ಅದರ ಸಾರ. ಊರು ಹೊರಗಿಟ್ಟವನೂ ಆ ಸಂಜೆ ಒಳಗೆ ಬರಬಹುದು.

ಅದೇ ಧಾಟಿ ತಪ್ಪೊಪ್ಪಿಗೆಯಲ್ಲೂ ಮುಂದುವರಿಯುತ್ತದೆ. 25 ಗಂಟೆಗಳಲ್ಲಿ ಹತ್ತು ಸಲ ತಪ್ಪೊಪ್ಪಿಗೆಯನ್ನು ಹೇಳುವ ಕ್ರಮವಿದೆ. ಚಿಕ್ಕದರಲ್ಲಿ ಹೀಬ್ರೂ ವರ್ಣಮಾಲೆಯ ಅಕ್ಷರಕ್ಕೊಂದು ಪಾಪ. ದೊಡ್ಡದು, ಯುರೋಪ್ ಮೂಲದವರ ಪಾಠದಲ್ಲಿ, 44 ಸಾಲಿನದು. ಎದ್ದು ನಿಂತು, ತುಸು ಬಾಗಿ, ಬಲಗೈ ಮುಷ್ಟಿಯಿಂದ ಎಡ ಎದೆಯನ್ನು ಪ್ರತಿ ಪಾಪಕ್ಕೂ ಒಮ್ಮೆ ಮೆಲ್ಲಗೆ ತಟ್ಟಿಕೊಳ್ಳುತ್ತಾರೆ. ಎದೆ ಬಡಿದುಕೊಂಡು ಗೋಳಾಡುವುದಲ್ಲ ಅದು. ಒಳಗೆ ಮಲಗಿರುವವನನ್ನು ಎಬ್ಬಿಸುವಷ್ಟು ಬಲ ಸಾಕು. ಪಟ್ಟಿಯಲ್ಲಿ ಕೊಲೆ-ಸುಲಿಗೆಗಿಂತ ದಿನಬಳಕೆಯ ಪಾಪಗಳೇ ಹೆಚ್ಚು. ಮಾತಿನ ತಪ್ಪುಗಳಿಗೆ ದೊಡ್ಡ ಪಾಲು. ವ್ಯಾಪಾರದ ಮೋಸ, ಬಡ್ಡಿ, ತಂದೆತಾಯಿಗಳ ಬಗ್ಗೆ ತಾತ್ಸಾರ, ಕಲ್ಲಾದ ಮನಸ್ಸು. ಬರೀ ಬಾಯಿಮಾತಿನಲ್ಲಿ ತಪ್ಪೊಪ್ಪಿಕೊಳ್ಳುವುದು ಕೂಡ ಆ ಪಟ್ಟಿಯಲ್ಲೊಂದು ಪಾಪ! ಎಲ್ಲವೂ ‘ನಾವು’ ಎಂಬ ಬಹುವಚನದಲ್ಲಿ. ನಾನು ಬಡ್ಡಿ ತಿಂದಿಲ್ಲ, ಆದರೂ ನಾವು ತಿಂದೆವು ಎಂದು ಎದೆ ತಟ್ಟಿಕೊಳ್ಳಬೇಕು. ಪಕ್ಕದಲ್ಲಿ ನಿಂತ ನಿಜವಾದ ತಪ್ಪಿತಸ್ಥನನ್ನು ಯಾರೂ ಬೆರಳು ಮಾಡಿ ತೋರಿಸುವಂತಿಲ್ಲ, ಅವನ ದನಿ ಎಲ್ಲರ ದನಿಯಲ್ಲಿ ಬೆರೆತುಹೋಗುತ್ತದೆ. ದೇವರ ಮುಂದಿನ ಈ ಮರೆ, ಮನುಷ್ಯರ ಮುಂದೆ ಒಬ್ಬೊಬ್ಬರಾಗಿ ಹೋಗಿ ನಿಲ್ಲುವ ಆ ಮುಜುಗರ, ಎರಡೂ ಒಂದೇ ಆಚರಣೆಯಲ್ಲಿ ಇರುವುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಜೆರುಸಲೇಮಿನಲ್ಲಿ ದೇವಾಲಯವಿದ್ದ ಕಾಲದಲ್ಲಿ ಈ ದಿನ ಮಹಾಯಾಜಕನ ದಿನವಾಗಿತ್ತು. ವರ್ಷಕ್ಕೊಮ್ಮೆ, ಈ ದಿನ ಮಾತ್ರ, ಆತ ಬಿಳಿಯ ನಾರುಮಡಿ ಉಟ್ಟು ಗರ್ಭಗೃಹವನ್ನು ಹೊಗುತ್ತಿದ್ದ. ಮೊದಲು ತನ್ನ ಮತ್ತು ತನ್ನ ಮನೆಯವರ ಪಾಪವನ್ನು ಒಪ್ಪಿಕೊಳ್ಳಬೇಕು, ಆಮೇಲೆ ಯಾಜಕ ಕುಲದ್ದು, ಕೊನೆಗೆ ಇಡೀ ಜನಾಂಗದ್ದು. ರೂಪದಲ್ಲಿ, ಎತ್ತರದಲ್ಲಿ, ಬೆಲೆಯಲ್ಲಿ ಒಂದೇ ಥರದ ಎರಡು ಹೋತಗಳನ್ನು ತಂದು ಚೀಟಿ ಎತ್ತುತ್ತಿದ್ದರು. ಒಂದು ದೇವರಿಗೆ ಬಲಿ. ಇನ್ನೊಂದರ ಮೇಲೆ ಜನರ ಪಾಪವನ್ನು ಹೊರಿಸಿ ಮರುಭೂಮಿಗೆ ಅಟ್ಟುತ್ತಿದ್ದರು. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ಕೆಡವಿದ ಮೇಲೆ ಹೋತವೂ ಇಲ್ಲ, ಯಾಜಕನೂ ಇಲ್ಲ. ಹೊರೆ ಹೊರಿಸಲು ಬೇರೆ ಯಾರೂ ಉಳಿಯದ ಮೇಲೆ ಪ್ರತಿಯೊಬ್ಬನೂ ತನ್ನದನ್ನು ತಾನೇ ಹೊರಬೇಕಾಯಿತು. ಸಿನಗಾಗ್‌ಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಆ ಹಳೆಯ ವಿಧಿಯನ್ನು ಈಗಲೂ ಹಂತಹಂತವಾಗಿ ವರ್ಣಿಸುತ್ತಾರೆ, ನೆಲಕ್ಕೆ ಹಣೆಯಿಟ್ಟು ನಮಸ್ಕರಿಸುತ್ತಾರೆ.

ಬೆಳಿಗ್ಗೆ ಓದುವ ಪ್ರವಾದಿ ಯೆಶಾಯನ ಭಾಗ ಉಪವಾಸಿಗಳನ್ನೇ ತರಾಟೆಗೆ ತೆಗೆದುಕೊಳ್ಳುತ್ತದೆ. ಉಪವಾಸದ ದಿನವೂ ಆಳುಗಳನ್ನು ಹಿಂಡುತ್ತಿದ್ದೀರಿ. ಹಸಿದವನಿಗೆ ಅನ್ನ ಕೊಡುವುದು, ಸೂರಿಲ್ಲದವನನ್ನು ಮನೆಗೆ ಕರೆಯುವುದು ದೇವರಿಗೆ ಬೇಕಾದ ಉಪವಾಸ ಎಂದು ಅದರ ವಾದ. ಮಧ್ಯಾಹ್ನ ಪ್ರವಾದಿ ಯೋನನ ಕಥೆ. ಆ ಕಥೆಯಲ್ಲಿ ನಿನೆವೆ ನಗರ ದನಕರುಗಳ ಸಮೇತ ಉಪವಾಸ ಮಾಡಿ ಗೋಣಿತಟ್ಟು ಉಡುತ್ತದೆ. ಆದರೆ ದೇವರು ಕಂಡದ್ದು ಅವರ ಗೋಣಿತಟ್ಟನ್ನಲ್ಲ, ಅವರು ಕೆಟ್ಟ ದಾರಿ ಬಿಟ್ಟದ್ದನ್ನು ಎಂದು ಮಿಶ್ನಾ ಬಿಡಿಸಿ ಹೇಳುತ್ತದೆ. ಹೊಟ್ಟೆ ಹಸಿದು ತಲೆ ಸುತ್ತುವ ಹೊತ್ತಿನಲ್ಲೇ, ಈ ಹಸಿವೊಂದೇ ಸಾಲದು ಎಂದು ಜನರಿಗೆ ಓದಿ ಹೇಳುವ ಏರ್ಪಾಡು ಇದು.

ಹೀಗೆಂದು ಉಪವಾಸವನ್ನು ಕಡೆಗಣಿಸುವಂತಿಲ್ಲ. ಎಲ್ಲವನ್ನೂ ಕಳೆದುಕೊಂಡಾಗ ಉಳಿದುಕೊಂಡದ್ದು ಅದೇ. 1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನು ಓಡಿಸಿತು, 1497ರಲ್ಲಿ ಪೋರ್ಚುಗಲ್ ಬಲವಂತವಾಗಿ ಮತಾಂತರಿಸಿತು. ಹೊರಗೆ ಕ್ರೈಸ್ತರಾಗಿ ಒಳಗೆ ಯಹೂದಿಗಳಾಗಿ ಉಳಿದವರಿಗೆ ಗ್ರಂಥ ಇಟ್ಟುಕೊಳ್ಳುವುದು, ದೀಪ ಹಚ್ಚುವುದು ಅಪಾಯ. ಉಪವಾಸಕ್ಕೆ ಪುಸ್ತಕ ಬೇಡ, ಪಾತ್ರೆ ಬೇಡ, ಪುರೋಹಿತ ಬೇಡ. ಆದ್ದರಿಂದಲೇ ಸೆಪ್ಟೆಂಬರಿನಲ್ಲಿ ನಕ್ಷತ್ರ ಮೂಡುವ ತನಕ ಹಸಿದಿರುವವರು ಯಾರೆಂದು ಕಣ್ಣಿಡುವಂತೆ ಇನ್‌ಕ್ವಿಸಿಷನ್ ಎಂಬ ಚರ್ಚಿನ ನ್ಯಾಯಮಂಡಳಿಯ ಅಧಿಕಾರಿಗಳು ಸಾರುತ್ತಿದ್ದರು. 1560ರಲ್ಲಿ ಆ ನ್ಯಾಯಮಂಡಳಿ ಗೋವೆಗೂ ಬಂತು. ನಮ್ಮ ಪಶ್ಚಿಮ ಕರಾವಳಿಯ ಗಿಡಮೂಲಿಕೆ, ಹಣ್ಣು-ಹಂಪಲುಗಳ ಬಗ್ಗೆ 1563ರಲ್ಲಿ ಗೋವೆಯಲ್ಲಿ ಪ್ರಸಿದ್ಧ ಗ್ರಂಥ ಅಚ್ಚುಹಾಕಿಸಿದ ವೈದ್ಯ ಗಾರ್ಸಿಯಾ ದ ಓರ್ತಾ ಅಂಥ ಕುಟುಂಬದವನು. ಅವನು ಸತ್ತ ಮರುವರ್ಷ, 1569ರಲ್ಲಿ, ಅವನ ತಂಗಿ ಕತರೀನಾಳನ್ನು ಗುಟ್ಟಾಗಿ ಯಹೂದಿ ಆಚರಣೆ ನಡೆಸಿದ ಆರೋಪದ ಮೇಲೆ ಸುಟ್ಟರು. 1580ರಲ್ಲಿ ಅವನ ಮೂಳೆಗಳನ್ನೂ ಅಗೆದು ತೆಗೆದು ಸುಟ್ಟರು. ಪೋರ್ಚುಗಲ್‌ನ ಬೆಲ್ಮಾಂಟೆ ಎಂಬ ಊರಿನಲ್ಲಿ ಈ ಉಪವಾಸ 20ನೇ ಶತಮಾನದವರೆಗೂ ಗುಟ್ಟಾಗಿ ನಡೆದುಬಂದಿತ್ತು.

ಗೋವೆಯಿಂದ ಉತ್ತರಕ್ಕೆ, ಕೊಂಕಣ ತೀರದ ಹಳ್ಳಿಗಳಲ್ಲಿ ಮರಾಠಿ ಮಾತಾಡುವ ಬೆನೆ ಇಸ್ರೇಲ್ ಸಮುದಾಯವಿತ್ತು. ಗಾಣದ ಎಣ್ಣೆ ತೆಗೆಯುವುದು ಅವರ ಕಸುಬು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ‘ಶನಿವಾರ ತೇಲಿ’ ಎಂದು ಹೆಸರಾಯಿತು. ಶತಮಾನಗಳ ಕಾಲ ಅವರ ಬಳಿ ತೋರಾ ಇರಲಿಲ್ಲ, ರಬ್ಬಿಯಿರಲಿಲ್ಲ, ಸಿನಗಾಗ್ ಇರಲಿಲ್ಲ. ಆದರೂ ಈ ದಿನ ಬಿಳಿಬಟ್ಟೆ ಉಟ್ಟು, ಮನೆಯ ಬಾಗಿಲು ಹಾಕಿಕೊಂಡು, ಹೊರಗಿನವರ ಒಡನಾಟವಿಲ್ಲದೆ ಉಪವಾಸ ಮಾಡುತ್ತಿದ್ದರು. ಬಾಗಿಲು ಮುಚ್ಚುವ ಹಬ್ಬ ಎಂದೇ ಅದನ್ನು ಕರೆಯುತ್ತಿದ್ದರು. ಮರುದಿನ ಬಡವರಿಗೆ ದಾನ ಮಾಡಿ ನೆಂಟರಿಷ್ಟರ ಮನೆಗೆ ಹೋಗಿಬರುತ್ತಿದ್ದರು.

ಈ ಸಮುದಾಯದ ಮೊದಲ ಸಿನಗಾಗ್ ಹುಟ್ಟಿದ್ದರ ಹಿಂದೆ ಮೈಸೂರಿನ ನಂಟಿದೆ. ಬ್ರಿಟಿಷ್ ಕಂಪನಿಯ ಸೈನ್ಯದಲ್ಲಿದ್ದ ಸ್ಯಾಮುವೆಲ್ ಎಝೆಕಿಯಲ್ ದಿವೇಕರ್ ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನಿಗೆ ಸೆರೆಸಿಕ್ಕಿದ. ಕುರ್‌ಆನಿನಲ್ಲಿ ಹೆಸರಿರುವ ಬನೀ ಇಸ್ರಾಯಿಲರ ಕುಲದವನು ಇವನೆಂದು ತಿಳಿದ ಟಿಪ್ಪುವಿನ ತಾಯಿ ಅವನ ಪರವಾಗಿ ಕೇಳಿಕೊಂಡಳು ಎಂದು ಸಮುದಾಯದ ಐತಿಹ್ಯ. ಬಿಡುಗಡೆಯಾದರೆ ಪ್ರಾರ್ಥನಾ ಮಂದಿರ ಕಟ್ಟಿಸುತ್ತೇನೆ ಎಂದು ಹೊತ್ತ ಹರಕೆಯನ್ನು ಅವನು 1796ರಲ್ಲಿ ಮುಂಬೈಯ ಮಾಂಡವಿ ಪ್ರದೇಶದಲ್ಲಿ ತೀರಿಸಿದ. ‘ಶಾರ್ ಹರಹಮೀಮ್’ ಎಂಬ ಆ ಸಿನಗಾಗ್ ಇಂದಿಗೂ ಇದೆ.

ಇದೇ ಬೆನೆ ಇಸ್ರೇಲರು ಸ್ವಾತಂತ್ರ್ಯಾನಂತರ ದೊಡ್ಡ ಸಂಖ್ಯೆಯಲ್ಲಿ ಇಸ್ರೇಲಿಗೆ ಹೋದಾಗ, ಅಲ್ಲಿನ ಧರ್ಮಪೀಠ ಮದುವೆಯ ವಿಷಯದಲ್ಲಿ ಅವರ ಯಹೂದಿತನವನ್ನೇ ಪ್ರಶ್ನಿಸಿತು. ಅವರು ಪ್ರತಿಭಟಿಸಿ ಬೀದಿಗಿಳಿದರು. 1964ರಲ್ಲಿ, ಇವರು ಎಲ್ಲ ರೀತಿಯಲ್ಲೂ ಯಹೂದಿಗಳೇ ಎಂಬ ಘೋಷಣೆ ಹೊರಬಿತ್ತು. ಗ್ರಂಥವಿಲ್ಲದೆಯೂ ಈ ದಿನವನ್ನು ಕಾಪಾಡಿಕೊಂಡು ಬಂದವರನ್ನು ಆ ಸಂಶಯದ ಸಾಲಿನಲ್ಲಿ ನಿಲ್ಲಿಸಿದ್ದು ಅನ್ಯಾಯ. ಅಂಥ ನೋವು ಒಂದು ಘೋಷಣೆಯಿಂದ ತೀರುವುದಿಲ್ಲ ಎಂದು ಆ ಧರ್ಮಪೀಠ ಓದುವ ಶಾಸ್ತ್ರವೇ ಹೇಳುತ್ತದೆ.

ಇಂದಿನ ಇಸ್ರೇಲಿನಲ್ಲಿ ಈ ದಿನ ವಿಮಾನ ನಿಲ್ದಾಣ ಮುಚ್ಚುತ್ತದೆ, ರೇಡಿಯೊ-ಟಿವಿ ಪ್ರಸಾರ ನಿಲ್ಲುತ್ತದೆ. ಸ್ವಂತ ಕಾರು ಓಡಿಸಬಾರದೆಂದು ಕಾನೂನಿಲ್ಲ, ಆದರೂ ಬಹುತೇಕ ಯಾರೂ ಓಡಿಸುವುದಿಲ್ಲ. ಖಾಲಿ ಹೆದ್ದಾರಿಗಳಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಾರೆ. 1973ರ ಅಕ್ಟೋಬರ್ 6ರಂದು, ಈ ದಿನವೇ ಮಧ್ಯಾಹ್ನ, ಈಜಿಪ್ಟ್ ಮತ್ತು ಸಿರಿಯಾ ಯುದ್ಧ ಹೂಡಿದಾಗ ಪ್ರಾರ್ಥನೆಯಲ್ಲಿದ್ದ ಯುವಕರು ಶಾಲು ತೆಗೆದಿಟ್ಟು ರಣರಂಗಕ್ಕೆ ಹೋದರು. ಎರಡೂ ಕಡೆ ಸಾವಿರಾರು ಮಂದಿ ಸತ್ತರು. ಅಲ್ಲಿನ ಒಂದು ತಲೆಮಾರಿಗೆ ಈ ದಿನವೆಂದರೆ ಅವರ ನೆನಪೂ ಹೌದು.

ಕೊನೆಯ ಪ್ರಾರ್ಥನೆ ‘ನೆಯಿಲಾ’. ಸ್ವರ್ಗದ ಬಾಗಿಲು ಮುಚ್ಚುವ ಹೊತ್ತು ಎಂಬ ಭಾವ. ತೋರಾ ಇಟ್ಟ ಪೆಟ್ಟಿಗೆಯನ್ನು ಉದ್ದಕ್ಕೂ ತೆರೆದಿಟ್ಟಿರುತ್ತಾರೆ, ಅದು ಮುಚ್ಚುವ ತನಕ ಕೈಲಾದವರೆಲ್ಲ ನಿಂತೇ ಇರುತ್ತಾರೆ. ತುಟಿ ಒಣಗಿ ದನಿ ಒಡೆದಿರುತ್ತದೆ. ಕಡೆಗೆ ಟಗರಿನ ಕೊಂಬಿನ ‘ಶೋಫಾರ್’ ದೀರ್ಘವಾಗಿ ಮೊಳಗುತ್ತದೆ. ಅದರ ಹಿಂದೆಯೇ ಮಾಮೂಲಿ ದಿನದ ರಾತ್ರಿ ಪ್ರಾರ್ಥನೆ ಶುರು. ಅದರಲ್ಲೂ ಎದೆ ತಟ್ಟಿಕೊಂಡು ಕ್ಷಮೆ ಕೇಳುವ ಸಾಲಿದೆ, ಅದನ್ನು ಆ ರಾತ್ರಿಯೂ ಬಿಡುವುದಿಲ್ಲ. ಆಮೇಲೆ ಮನೆ, ಊಟ. ನಾಲ್ಕೇ ದಿನ ಕಳೆದು ಚಪ್ಪರದ ಹಬ್ಬ ಸುಕ್ಕೋತ್. ಕೈತೊಳೆದು ಎದ್ದವರಲ್ಲಿ ಹಲವರು ಅದೇ ರಾತ್ರಿ ಅಂಗಳಕ್ಕೋ ಮಾಳಿಗೆಗೋ ಹೋಗಿ, ಸುತ್ತಿಗೆ ಹಿಡಿದು, ಚಪ್ಪರದ ಮೊದಲ ಮೊಳೆ ಹೊಡೆದುಬಿಡುತ್ತಾರೆ.